ಕರೆದವರು ಬಂದರು, ಉಳಿಯಲಿಲ್ಲ: ಸಮುದಾಯ ನಾಟಕದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ತಾಲೀಮಿನ ಮನೆ):
ಮಾನ್ಯರೇ, ನಾವು ಕೆಲವರು ಸೇರಿ ಬಡಾವಣೆಯ ಜನರೇ ಅಭಿನಯಿಸುವ ಒಂದು ನಾಟಕವನ್ನು ಕಟ್ಟಲು ಹೊರಟೆವು. ಸಾಮಾನ್ಯವಾಗಿ ಯಾವ ಸಭೆಗೂ ಬಾರದವರು, ಅಂದರೆ ಒಂಟಿಯಾಗಿರುವ ಹಿರಿಯರು, ಕೆಲಸ ಹುಡುಕಿಕೊಂಡು ಬೇರೆಡೆಯಿಂದ ಬಂದು ನೆಲೆಸಿದವರು, ಅಂಗವೈಕಲ್ಯವುಳ್ಳವರು ಇದರಲ್ಲಿ ಪಾಲ್ಗೊಳ್ಳಲಿ ಎಂಬುದು ನಮ್ಮ ಆಶಯವಾಗಿತ್ತು. ಮೊದಲ ದಿನ 22 ಮಂದಿ ಬಂದರು. ಮೂರನೆಯ ವಾರದ ಹೊತ್ತಿಗೆ ಉಳಿದವರು 9 ಮಂದಿ. ಅವರೆಲ್ಲರೂ ಎಲ್ಲ ಸಮಾರಂಭಗಳಲ್ಲಿಯೂ ಕಾಣಿಸಿಕೊಳ್ಳುವವರೇ. ಸಿದ್ಧತೆಯಲ್ಲಿ ನಾವು ಕೊರತೆ ಮಾಡಿರಲಿಲ್ಲ. ಅನುಭವಿ ನಿರ್ದೇಶಕರಿದ್ದರು, ಮೊದಲ ದಿನವೇ ಎಲ್ಲರ ಕೈಗೂ ನಾಟಕದ ಪ್ರತಿಯನ್ನು ಕೊಟ್ಟು ಓದಿಸಲು ಆರಂಭಿಸಿದ್ದೆವು. ಹಿರಿಯರೊಬ್ಬರು ಕನ್ನಡಕ ಮರೆತು ಬಂದೆನೆಂದು ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಮರುದಿನವೂ ಮರೆತೇ ಬಂದರು, ಮೂರನೆಯ ದಿನ ಬರಲೇ ಇಲ್ಲ. ಇಂತಹ ನಿರಾಸಕ್ತರನ್ನು ಉಳಿಸಿಕೊಳ್ಳುವ ಬಗೆ ಯಾವುದು?

ಉತ್ತರ 1 (ಹಳೆಯ ರಂಗಕರ್ಮಿ):
ಆ ಹಿರಿಯರನ್ನು ನಿರಾಸಕ್ತರೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಆಸಕ್ತಿ ಇಲ್ಲದವರು ಎರಡನೆಯ ದಿನ ಬರುತ್ತಿರಲಿಲ್ಲ. ಅವರಿಗೆ ಓದಲು ಬರುವುದಿಲ್ಲವೆಂದೇ ನನ್ನ ಊಹೆ, ಮತ್ತು ಅದನ್ನು ಇಪ್ಪತ್ತು ಜನರ ಮುಂದೆ ಹೇಳಿಕೊಳ್ಳುವುದಕ್ಕಿಂತ ಕನ್ನಡಕವನ್ನು ದೂರುವುದು ಯಾರಿಗಾದರೂ ಸುಲಭ.

ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮವೊಂದರಲ್ಲಿ ಕೆಲಸ ಮಾಡಿದಾಗ ಎದುರಿಸಿದ್ದೂ ಇದೇ ಸಮಸ್ಯೆಯನ್ನು. ಅಲ್ಲಿಯ ಜನರ ಭಾಷೆಗಳು ಹಲವು, ಅಕ್ಷರ ಬಲ್ಲವರು ಕಡಿಮೆ. ಆದ್ದರಿಂದ ಅವರು ಮಾತಿಗಿಂತ ಮೊದಲು ಶರೀರದಿಂದ ಆರಂಭಿಸಿದರು: ಒಬ್ಬರು ಉಳಿದವರ ಮೈಯನ್ನು ಮಣ್ಣಿನ ಬೊಂಬೆಯಂತೆ ತಿದ್ದಿ ನಿಲ್ಲಿಸಿ, ತಮ್ಮ ಬದುಕಿನ ತೊಡಕನ್ನು ಒಂದು ನಿಶ್ಚಲ ಚಿತ್ರವಾಗಿ ತೋರಿಸುತ್ತಿದ್ದರು. ಅಲ್ಲಿಯೇ ಒಮ್ಮೆ ಪ್ರೇಕ್ಷಕಿಯೊಬ್ಬಳು ತಾನು ಸೂಚಿಸಿದ ಪರಿಹಾರವನ್ನು ನಟರು ಸರಿಯಾಗಿ ಅಭಿನಯಿಸುತ್ತಿಲ್ಲವೆಂದು ಸಿಟ್ಟಾಗಿ ತಾನೇ ರಂಗವನ್ನೇರಿದಳಂತೆ. ನೋಡುವವರೇ ನಡುವೆ ಬಂದು ಕಥೆಯ ದಿಕ್ಕನ್ನು ಬದಲಿಸುವ ರಂಗಪ್ರಕಾರದ ಹುಟ್ಟನ್ನು ಬೋಲ್ ಈ ಘಟನೆಯಿಂದಲೇ ವಿವರಿಸುತ್ತಾರೆ. 1993ರಿಂದ 1996ರವರೆಗೆ ಅವರು ರಿಯೋ ಡಿ ಜನೈರೋ ನಗರಸಭೆಯ ಸದಸ್ಯರಾಗಿದ್ದಾಗ, ಇಂತಹ ಪ್ರದರ್ಶನಗಳಲ್ಲಿ ಜನರು ಮುಂದಿಟ್ಟ ಸಲಹೆಗಳಿಂದ 13 ಕಾನೂನುಗಳು ರೂಪುಗೊಂಡವು. ನೀವು ಬರೆದು ಮುಗಿಸಿದ ನಾಟಕಕ್ಕೆ ಜನರನ್ನು ಕರೆದಿರಿ. ಅವರ ಪಾಲಿಗೆ ಉಳಿದದ್ದು ಬಾಯಿಪಾಠ ಮಾತ್ರ.

ಉತ್ತರ 2 (ಗಾಲಿಕುರ್ಚಿ):
ನಾನು ಗಾಲಿಕುರ್ಚಿ ಬಳಸುವವಳು. ಹೊಸದಾಗಿ ಕಟ್ಟಿದ ಸಭಾಂಗಣವೊಂದಕ್ಕೆ ಹೋಗಿದ್ದಾಗ ಪ್ರೇಕ್ಷಕರ ಬಾಗಿಲಿಗೆ ಇಳಿಜಾರು ಹಾದಿ ಇತ್ತು, ಮೊದಲ ಸಾಲಿನಲ್ಲಿ ನನಗೆ ಜಾಗವೂ ಇತ್ತು. ರಂಗದ ಹಿಂದಿನ ಬಾಗಿಲಿಗೆ ಮಾತ್ರ ಐದು ಮೆಟ್ಟಿಲುಗಳಿದ್ದವು. ನನ್ನಂಥವರು ನೋಡಲು ಬರಬಹುದು, ಅಭಿನಯಿಸಲು ಬರಲಾರರು ಎಂದು ಕಟ್ಟಿದವರು ಮೊದಲೇ ತೀರ್ಮಾನಿಸಿದ್ದರು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವೈಕಲ್ಯವುಳ್ಳವರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯು ನಾವು ಕಲೆಯನ್ನು ಸವಿಯುವುದರ ಬಗ್ಗೆ ಮಾತ್ರವಲ್ಲ, ನಮ್ಮ ಸೃಜನಶಕ್ತಿಯಿಂದ ಸಮಾಜವೂ ಸಮೃದ್ಧವಾಗುವುದರ ಬಗ್ಗೆ ಹೇಳುತ್ತದೆ. ತಾಲೀಮಿನ ಜಾಗ, ವೇಳೆ, ಶೌಚಾಲಯ, ಮನೆಗೆ ಮರಳುವ ವಾಹನ, ಇವನ್ನು ಕಥೆಗಿಂತ ಮೊದಲು ವಿಚಾರಿಸಿರಿ.

ಉತ್ತರ 3 (ಅಡ್ಡಮಾತು):
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಎಚ್ಚರಿಕೆ. 1997ರಲ್ಲಿ ಸಮುದಾಯ ಕಲೆಯ ಸಂಶೋಧಕ ಫ್ರಾಂಸ್ವಾ ಮತರಾಸೊ ಅವರ ಅಧ್ಯಯನವು ಕಲೆಯಲ್ಲಿ ಪಾಲ್ಗೊಳ್ಳುವುದರಿಂದ ಆಗುವ ಸಾಮಾಜಿಕ ಲಾಭಗಳನ್ನು ಪಟ್ಟಿಮಾಡಿದ ಮೇಲೆ, ಬ್ರಿಟನ್ನಿನಲ್ಲಿ ಆ ಪಟ್ಟಿಯ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಭಾಗವಹಿಸಿದವರ ಮಾತನ್ನೇ ಪುರಾವೆಯಾಗಿ ಹಿಡಿದರೆ, ಬಿಟ್ಟುಹೋದವರ ಮಾತು ಎಲ್ಲಿಯೂ ದಾಖಲಾಗುವುದಿಲ್ಲ ಎಂಬುದು ನನ್ನ ಆಕ್ಷೇಪ. ನಿಮ್ಮನ್ನು ಬಿಟ್ಟುಹೋದ ಆ 13 ಮಂದಿಯನ್ನು ಕೇಳಿರಿ. ತಮ್ಮ ಉದ್ಧಾರಕ್ಕಾಗಿ ನಾಟಕ ಮಾಡಿಸುತ್ತಿದ್ದಾರೆಂಬ ವಾಸನೆ ಬಂದರೆ ಸ್ವಾಭಿಮಾನಿಗಳು ಎದ್ದುಹೋಗುತ್ತಾರೆ, ಅದು ಅವರ ಹಕ್ಕು ಕೂಡ.

ಮರುನುಡಿ (ತಾಲೀಮಿನ ಮನೆ):
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಆ ಹಿರಿಯರ ಮನೆಗೆ ಹೋಗಿದ್ದೆ. ಈ ಸಲ ಬರೆದ ನಾಟಕವಿಲ್ಲ, ಎಲ್ಲರೂ ತಮಗೆ ಗೊತ್ತಿರುವ ಒಂದು ಘಟನೆಯನ್ನು ತರಬೇಕೆಂದು ಹೇಳಿದೆ. ಅವರು ತಾವು ರಾತ್ರಿ ಪಾಳಿಯ ಕಾವಲುಗಾರರಾಗಿದ್ದಾಗ ನಡೆದದ್ದೊಂದನ್ನು, ಎದ್ದು ನಿಂತು, ಮೂರು ಜನರ ದನಿಯಲ್ಲಿ ಮುಕ್ಕಾಲು ಗಂಟೆ ಹೇಳಿದರು. ನಾನು ಪ್ರತಿಯ ಮಾತೆತ್ತಲಿಲ್ಲ. ಅವರೂ ಕನ್ನಡಕದ ಮಾತೆತ್ತಲಿಲ್ಲ.