ಬೆಳ್ಳಗಾದ ಸುಣ್ಣದ ತಿಳಿನೀರು ಮತ್ತೆ ತಿಳಿಯಾಯ್ತು, ಯಾಕೆ?

ಹತ್ತನೇ ಕ್ಲಾಸಿನ ಅಮ್ಮ:
ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಸುಣ್ಣದ ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗುತ್ತೆ ಅಂತ ಮಗಳ ಪುಸ್ತಕದಲ್ಲಿದೆ. ಶಾಲೆಯಲ್ಲಿ ಅಮೃತಶಿಲೆ ಚೂರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಮಾಡಿಸಿದ್ದಾರೆ. ಬೆಳ್ಳಗೇನೋ ಆಯ್ತಂತೆ. ಇವಳು ನಳಿಗೆ ತೆಗೆಯದೆ ಹಾಗೇ ಬಿಟ್ಟಿದ್ದಕ್ಕೆ ಸ್ವಲ್ಪ ಹೊತ್ತಿಗೆ ಮತ್ತೆ ತಿಳಿಯಾಗಿದೆ. "ಏನೋ ಎಡವಟ್ಟು ಮಾಡಿದ್ದೀಯ" ಅಂದರಂತೆ. ಮನೆಯಲ್ಲಿ ಎಲೆ-ಅಡಿಕೆ ಸುಣ್ಣ ಕದಡಿ, ತಿಳಿ ಬಸಿದು, ಸ್ಟ್ರಾದಲ್ಲಿ ಊದಿದಳು. ಬೆಳ್ಳಗಾಯ್ತು, ಆದರೆ ಎಷ್ಟು ಊದಿದರೂ ತಿಳಿಯಾಗಲಿಲ್ಲ. ಯಾವುದು ಸರಿ?

ಲ್ಯಾಬ್ ಮೇಷ್ಟ್ರು:
ಎರಡೂ ಸರಿ ಕಣಮ್ಮ. ಮೊದಲು ಕಾಣಿಸುವ ಬಿಳಿ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ನೀರಲ್ಲಿ ಕರಗಲ್ಲ. ಅನಿಲ ಇನ್ನೂ ಬರ್ತಾ ಇದ್ದರೆ ಅದೇ ಬೈಕಾರ್ಬೊನೇಟ್ ಆಗಿ ಕರಗಿಹೋಗುತ್ತೆ. ನಾವು ಬಿಡುವ ಉಸಿರಲ್ಲಿ ಈ ಅನಿಲ ಇರೋದು ಶೇ. 4ರ ಆಸುಪಾಸು. ಊದಿ ಊದಿ ಕೆನ್ನೆ ನೋವು ಬರುತ್ತೆ ಅಷ್ಟೆ. ಅಪ್ಪಿತಪ್ಪಿ ಹೀರದ ಹಾಗೆ ನೋಡ್ಕೊಳ್ಳಿ, ಸುಣ್ಣ ಬಾಯಿ ಸುಡುತ್ತೆ.

ಆದರೆ ತಿಳಿಯಾಗೋಕೆ ಇನ್ನೊಂದು ಕಳ್ಳದಾರಿಯೂ ಇದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾನು ಹುಡುಗರನ್ನ ಹಿಡೀತಿದ್ದದ್ದೇ ಇಲ್ಲಿ. ಫ್ಲಾಸ್ಕಿನಲ್ಲಿ ನೊರೆ ಜೋರಾದರೆ ಆಮ್ಲದ ಹನಿಗಳೂ ನಳಿಗೆ ಹತ್ತಿ ಬರುತ್ತವೆ. ಅವು ಆ ಬಿಳಿಯನ್ನು ತಿಂದು ಕ್ಯಾಲ್ಸಿಯಂ ಕ್ಲೋರೈಡ್ ಮಾಡಿಬಿಡುತ್ತವೆ, ಅದೂ ತಿಳಿಯೇ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಪ್ರನಾಳವನ್ನು ಕುದಿಸಿದರೆ ಗುಟ್ಟು ಬಯಲು. ಬೈಕಾರ್ಬೊನೇಟ್ ಆಗಿದ್ದರೆ ಅನಿಲ ಬಿಟ್ಟು ಮತ್ತೆ ಬಿಳಿ ಬರುತ್ತೆ. ಕ್ಲೋರೈಡ್ ಆಗಿದ್ದರೆ ಎಷ್ಟು ಕುದಿಸಿದರೂ ಜಪ್ಪಯ್ಯ ಅನ್ನಲ್ಲ.

ಬೋರ್‌ವೆಲ್ ನೀರು:
ಸಾರ್, ನಮ್ಮ ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟೋದೂ ಇದೇನಾ?

ಲ್ಯಾಬ್ ಮೇಷ್ಟ್ರು:
ಬಹುಪಾಲು ಅದೇ. ಒಂದು ಚಕ್ಕೆ ಕೆರೆದು ಅದಕ್ಕೆ ವಿನಿಗರ್ ಬಿಟ್ಟು ನೋಡಿ, ಗುಳ್ಳೆ ಏಳುತ್ತೆ. ಆ ಗುಳ್ಳೆಯೂ ಕಾರ್ಬನ್ ಡೈಆಕ್ಸೈಡೇ.

ಹತ್ತನೇ ಕ್ಲಾಸಿನ ಅಮ್ಮ:
ಥ್ಯಾಂಕ್ಸ್ ಸಾರ್. ಹನಿ ಬರೋದು ತಪ್ಪಿಸೋಕೆ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಆಗುತ್ತಾ ಅಂತ ಮಗಳು ಕೇಳ್ತಿದ್ದಾಳೆ.

ಲ್ಯಾಬ್ ಮೇಷ್ಟ್ರು:
ಬೇಡ. ಅಮೃತಶಿಲೆ ಮೇಲೆ ಕ್ಯಾಲ್ಸಿಯಂ ಸಲ್ಫೇಟ್ ಪದರ ಕಟ್ಟಿ ಸ್ವಲ್ಪ ಹೊತ್ತಿಗೇ ನೊರೆ ನಿಂತುಬಿಡುತ್ತೆ. ಹೈಡ್ರೋಕ್ಲೋರಿಕ್ಕೇ ಇರಲಿ, ಅನಿಲವನ್ನು ಮೊದಲು ಒಂದು ಬಾಟಲಿ ನೀರಿನೊಳಗೆ ಹಾಯಿಸಿ ಆಮೇಲೆ ಸುಣ್ಣದ ತಿಳಿನೀರಿಗೆ ಬಿಡಲಿ. ಆಮ್ಲ ಆ ನೀರಲ್ಲೇ ಉಳಿಯುತ್ತೆ. ಅನಿಲವೂ ಒಂಚೂರು ಕರಗುತ್ತೆ, ಪರವಾಗಿಲ್ಲ.