ಚಾರ್ಜರ್ ಹಾಕಿದರೂ ಹಸಿರು ದೀಪವೇ: ಹಳೇ ಇ-ಸೈಕಲ್ ತಗೊಂಡು ರಿಪೇರಿ ಮಾಡಿಸಬಹುದಾ?

ಪೆಡಲ್‌ಪ್ರಿಯ
36 ವೋಲ್ಟ್, 250 ವಾಟ್, ಹಿಂಚಕ್ರದಲ್ಲಿ ಗೇರ್ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂರುವ ಮೋಟಾರ್). ಒಂದು ವರ್ಷ ಓಡಿಸದೆ ನಿಲ್ಲಿಸಿದ್ದರಂತೆ. ಡಿಸ್‌ಪ್ಲೇ ಆನ್ ಆಗಲ್ಲ. ಚಾರ್ಜರ್ ಚುಚ್ಚಿದರೆ ಚಾರ್ಜ್ ಆಗ್ತಿದೆ ಅನ್ನೋ ಕೆಂಪು ದೀಪ ಬರೋದೇ ಇಲ್ಲ. ಮಾರುವವರು ಚಾರ್ಜರ್ ಮಾತ್ರ ಹೋಗಿದೆ ಅಂತಾರೆ. ಮಲ್ಟಿಮೀಟರ್ ಇದೆ, ಎಲ್ಲಿಂದ ಶುರು ಮಾಡಲಿ?

ಮೀಟರ್‌ಮೇಷ್ಟ್ರು
ಚಾರ್ಜರನ್ನು ಬ್ಯಾಟರಿಗೆ ಚುಚ್ಚದೆ ಅದರ ಪಿನ್ನಲ್ಲೇ ಅಳೆಯಿರಿ. 42 ವೋಲ್ಟ್ ಆಸುಪಾಸು ಬಂದರೆ ಹೆಚ್ಚುಕಡಿಮೆ ಚಾರ್ಜರ್ ಸರಿಯಿದೆ, ಬ್ಯಾಟರಿಯೇ ಕರೆಂಟ್ ಎಳೆಯುತ್ತಿಲ್ಲ ಅಂತ. "ಚಾರ್ಜರ್ ಮಾತ್ರ" ಅನ್ನೋ ಮಾತು ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಮಾಮೂಲಿ ಬಿಡಿ.

ಬ್ಯಾಟರಿ ಪ್ಯಾಕಿನ ಹೊರ ಟರ್ಮಿನಲ್ ರೀಡಿಂಗ್ ನಂಬಬೇಡಿ. ಬಿಎಂಎಸ್ (ಪ್ಯಾಕಿನೊಳಗಿನ ರಕ್ಷಣಾ ಬೋರ್ಡ್) ಕಟ್ ಮಾಡಿದ್ದರೆ ಅಲ್ಲಿ ಸೊನ್ನೆಯೂ ಬರಬಹುದು. ಕೇಸ್ ಬಿಚ್ಚಿದರೆ ಬಿಎಂಎಸ್‌ಗೆ ಹೋಗುವ ಸಣ್ಣ ವೈರುಗಳ ಸಾಲು ಸಿಗುತ್ತೆ, ಸಾಮಾನ್ಯವಾಗಿ 11. ಅಕ್ಕಪಕ್ಕದ ಎರಡೆರಡರ ನಡುವೆ ಅಳೆದರೆ ಹತ್ತು ಸೆಲ್ ಗುಂಪುಗಳ ವೋಲ್ಟೇಜ್ ಗೊತ್ತಾಗುತ್ತೆ. ಪ್ರೋಬಿನ ತುದಿ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ಜಾರಿ ಎರಡು ಪಿನ್ ಮುಟ್ಟಿದರೆ ಕಿಡಿ ಹಾರುತ್ತೆ.

ಪೆಡಲ್‌ಪ್ರಿಯ
ಚಾರ್ಜರ್ 41.9. ಮಾರುವವರ ಎದುರೇ ಬಿಚ್ಚಿ ಅಳೆದೆ: ಎಂಟು ಗುಂಪು 3.2ರಿಂದ 3.3, ಒಂದು 1.1, ಇನ್ನೊಂದು 0.4. ಆ ಎರಡಕ್ಕೆ ನೇರವಾಗಿ ಚಾರ್ಜ್ ಕೊಟ್ಟು ಎಬ್ಬಿಸಬಹುದಾ?

ಮೀಟರ್‌ಮೇಷ್ಟ್ರು
ಬೇಡವೇ ಬೇಡ. ಅಷ್ಟು ಕೆಳಗಿಳಿದು ಕೂತ ಲಿಥಿಯಂ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿರಬಹುದು. ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆ ಕಡೆ ಕೂತು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಬಿಎಂಎಸ್ ಬೈಪಾಸ್ ಮಾಡಿಕೊಡ್ತೀನಿ ಅನ್ನುವ ಅಂಗಡಿಗೂ ಹೋಗಬೇಡಿ. ಎರಡು ಗುಂಪು ಮಾತ್ರ ಹೊಸ ಸೆಲ್ ಹಾಕಿದರೆ ಹಳೆಯವು ಬೇಗ ಖಾಲಿಯಾಗುತ್ತವೆ, ಪ್ಯಾಕ್ ಮತ್ತೆ ಮತ್ತೆ ಕಟ್ ಆಗುತ್ತೆ. ಈ ಬ್ಯಾಟರಿಯ ಬೆಲೆ ಸೊನ್ನೆ ಅಂತ ಹಿಡಿದು, ಮೋಟಾರ್ ನೋಡಿ.

ಹಬ್‌ಬಿಚ್ಚುವವ
ಮೋಟಾರಿಗೆ ಬ್ಯಾಟರಿ ಬೇಕಿಲ್ಲ. ಕಂಟ್ರೋಲರಿನಿಂದ (ಮೋಟಾರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮೋಟಾರಿಗೆ ಹೋಗುವ ಮೂರು ದಪ್ಪ ಫೇಸ್ ವೈರ್ ಕಳಚಿ. ಮೋಟಾರ್ ಕಡೆಯ ಎರಡನ್ನು ಒಂದಕ್ಕೊಂದು ಮುಟ್ಟಿಸಿ ಚಕ್ರವನ್ನು ಹಿಂದಕ್ಕೆ ತಿರುಗಿಸಿ. ಗೇರ್ ಹಬ್ಬಿನೊಳಗೆ ಫ್ರೀವೀಲ್ (ಒಂದೇ ದಿಕ್ಕಿಗೆ ಹಿಡಿಯುವ ಭಾಗ) ಇರೋದರಿಂದ ಮುಂದಕ್ಕೆ ತಿರುಗಿಸಿದರೆ ಏನೂ ತಿಳಿಯಲ್ಲ. ಮೂರು ಜೋಡಿಯಲ್ಲೂ ಒಂದೇ ಥರ ತಡೆತಡೆದು ಬಿಗಿಯಾದರೆ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಸರಿ. ಏನೂ ಮುಟ್ಟಿಸದಿದ್ದಾಗಲೂ ಅಷ್ಟೇ ತಡೆದರೆ ಒಳಗೆ ಶಾರ್ಟ್ ಇರಬಹುದು. ಕಟಕಟ ಸದ್ದು ಬಂದರೆ ನೈಲಾನ್ ಗೇರಿನ ಹಲ್ಲು ಹೋಗಿರಬಹುದು. ಗೇರ್ ಸಿಕ್ಕರೆ ಅದು ಸಣ್ಣ ಖರ್ಚು.

ಕಂಟ್ರೋಲರಿಗೆ ಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಕೆಂಪು ಪ್ರೋಬ್ ಕಂಟ್ರೋಲರಿನ ಬ್ಯಾಟರಿ ನೆಗೆಟಿವ್ ವೈರಿಗೆ, ಕಪ್ಪು ಅದರದೇ ಒಂದೊಂದು ಫೇಸಿಗೆ. ಮೂರೂ 0.4ರಿಂದ 0.6ರೊಳಗೆ ಹತ್ತಿರ ಹತ್ತಿರ ಇರಬೇಕು. ಒಂದು ಸೊನ್ನೆ ತೋರಿಸಿದರೆ ಮಾಸ್ಫೆಟ್ (ಕರೆಂಟ್ ಆನ್-ಆಫ್ ಮಾಡುವ ಬಿಡಿಭಾಗ) ಸುಟ್ಟಿದೆ.

ಆಕ್ಸಲ್ಲಿನಿಂದ ವೈರ್ ಹೊರಬರುವ ಜಾಗ ತಪ್ಪದೆ ನೋಡಿ. ನಟ್ ಸಡಿಲವಾಗಿ ಆಕ್ಸಲ್ ತಿರುಗಿದ್ದರೆ ಅಲ್ಲೇ ವೈರ್ ಕೊಯ್ದಿರುತ್ತೆ, ಹಾಲ್ ಸೆನ್ಸರ್ (ಮೋಟಾರ್ ಎಲ್ಲಿ ತಿರುಗಿದೆ ಅಂತ ಹೇಳುವ ಸೆನ್ಸರ್) ದೂರುಗಳಲ್ಲಿ ಎಷ್ಟೋ ಅಲ್ಲಿಂದಲೇ ಹುಟ್ಟೋದು.

ಪೆಡಲ್‌ಪ್ರಿಯ
ಮೋಟಾರ್, ಕಂಟ್ರೋಲರ್ ಎರಡೂ ಪಾಸ್. ಹಾಗಾದರೆ ತಗೊಳ್ಳಲಾ?

ಮೀಟರ್‌ಮೇಷ್ಟ್ರು
ಮೊದಲು ಹೊಸ ಪ್ಯಾಕಿನ ರೇಟ್ ಕೇಳಿ. ಅದು, ಟೈರ್, ಬ್ರೇಕ್ ಪ್ಯಾಡ್, ಇವರು ಕೇಳುವ ದುಡ್ಡು ಎಲ್ಲ ಸೇರಿ ಹೊಸ ಸೈಕಲ್ಲಿನ ಅರ್ಧ ಬೆಲೆ ದಾಟಿದರೆ ನಾನಂತೂ ಬಿಡ್ತೀನಿ. ಬ್ಯಾಟರಿ ಕನೆಕ್ಟರಿನಲ್ಲಿ ಎರಡು ದಪ್ಪ ಪಿನ್ ಮಾತ್ರ ಇದ್ದರೆ ಸಾಮಾನ್ಯವಾಗಿ ಬೇರೆ ಕಂಪನಿಯ 36 ವೋಲ್ಟ್ ಪ್ಯಾಕೂ ಕೂರಿಸಬಹುದು. ಜೊತೆಗೆ ಸಣ್ಣ ಪಿನ್ನುಗಳಿದ್ದರೆ ಡೇಟಾ ಲೈನ್ (ಬ್ಯಾಟರಿ ಮತ್ತು ಸೈಕಲ್ ಮಾಹಿತಿ ಹಂಚಿಕೊಳ್ಳುವ ವೈರ್) ಇರಬಹುದು. ಆಗ ಕಂಪನಿ ಪ್ಯಾಕ್ ಬಿಟ್ಟು ಬೇರೆಯದಕ್ಕೆ ಡಿಸ್‌ಪ್ಲೇ ಎರರ್ ತೋರಿಸಬಹುದು. ಆ ಪ್ಯಾಕ್ ಈಗಲೂ ಮಾರಾಟದಲ್ಲಿದೆಯಾ ಅಂತ ಖಾತ್ರಿ ಮಾಡಿಕೊಳ್ಳದೆ ಅಡ್ವಾನ್ಸ್ ಕೊಡಬೇಡಿ.