ಎಪ್‌ಕಾಟ್‌ನ ಇಟಲಿಯಲ್ಲಿ ಅಪ್ಪನಿಗೆ ಕಾಫಿ, ಅಮ್ಮನಿಗೆ ಮೊಟ್ಟೆ ಇಲ್ಲದ ತಿಂಡಿ ಬೇಕು. ಹೋಗಿ ಬಂದವರು ಹೇಳ್ತೀರಾ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಫ್ಲಾರಿಡಾದ ಟ್ಯಾಂಪಾದಲ್ಲಿದ್ದೇವೆ. ಅಪ್ಪ ಅಮ್ಮ ಸಕಲೇಶಪುರದ ಕಡೆಯಿಂದ ಮೊದಲ ಸಲ ಬಂದಿದ್ದಾರೆ. ಡಿಸೆಂಬರ್ ಮೊದಲ ವಾರ ಅವರನ್ನು ಒರ್ಲ್ಯಾಂಡೊಗೆ ಕರೆದುಕೊಂಡು ಹೋಗಬೇಕು ಅಂತ ಇದ್ದೇವೆ. ಅಲ್ಲಿ ಡಿಸ್ನಿಯ ಯಾವ ಪಾರ್ಕ್ ಅಂತ ಮನೆಯಲ್ಲಿ ಮಾತು ಬಂತು. ಎಪ್‌ಕಾಟ್‌ನಲ್ಲಿ ಕೆರೆಯ ಸುತ್ತ 11 ದೇಶಗಳ ಮಾದರಿ ಕಟ್ಟಿದ್ದಾರೆ ಅಂದೆ. ಅಪ್ಪ ಕೇಳಿದ್ದು ಒಂದೇ ಮಾತು. "ಇಟಲಿ ಇದೆಯಾ?"

ಅಪ್ಪ 38 ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕಣದಲ್ಲಿ ಒಣಗಿದ ರೊಬಸ್ಟಾ ತಳಿಯ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಚೀಲಕ್ಕೆ ತುಂಬಿಸಿ, ತೂಕ ಬರೆದು, ಲಾರಿ ಹತ್ತಿಸುವುದು ಅವರ ಕೆಲಸ. ಲಾರಿ, ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್‌ಗೆ ಹೋಗುತ್ತಿತ್ತು. ಅಲ್ಲಿಂದ ಮಂಗಳೂರಿನ ಬಂದರಿಗೆ. "ಇದರಲ್ಲಿ ಎಷ್ಟೋ ಇಟಲಿಗೆ ಹೋಗುತ್ತೆ ಮಗಾ" ಅಂತ ನಾನು ಚಿಕ್ಕವಳಿದ್ದಾಗ ಹೇಳುತ್ತಿದ್ದರು. ಆ ಇಟಲಿಯವರು ಅದನ್ನು ಹೇಗೆ ಮಾಡಿ ಕುಡಿಯುತ್ತಾರೆ ಅಂತ ಅವರು ಇವತ್ತಿನವರೆಗೂ ನೋಡಿಲ್ಲ. ಅಲ್ಲಿ ಕೂತು ಒಂದು ಕಪ್ ಕುಡಿಯಬೇಕು ಅಂತ ಅವರಿಗೆ ಆಸೆ. ನಿಜವಾದ ಇಟಲಿಗೆ ಯಾವಾಗ ಹೋಗುತ್ತೇವೋ ಗೊತ್ತಿಲ್ಲ. ಅಪ್ಪನಿಗೆ ಈಗ 71. ಮೊಣಕಾಲು ನೋವು ಬೇರೆ.

ಅಮ್ಮ ಶುದ್ಧ ಸಸ್ಯಾಹಾರಿ. ಮೊಟ್ಟೆಯೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಾರೆ. ಹೊಸ ರುಚಿ ನೋಡುವುದಕ್ಕೆ ಅವರಿಗೆ ತುಂಬಾ ಇಷ್ಟ. ಆದರೆ ಗೊತ್ತಿಲ್ಲದೆ ಏನಾದರೂ ತಿಂದುಬಿಟ್ಟರೆ ಎರಡು ದಿನ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಅದು ಆಗಬಾರದು.

ನಮ್ಮ ಯಜಮಾನರಿಗೆ ಸ್ಪ್ರಿಟ್ಜ್ ಅನ್ನುವ ಇಟಲಿಯ ಮದ್ಯದ ಪಾನೀಯ ಕುಡಿದು ನೋಡಬೇಕಂತೆ. ಅದು ಕೊನೆಗೆ ನೋಡೋಣ. ಏನೇನು ಸಿಗುತ್ತೆ, ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಮೂರನೇ_ಲೋಟ

ಅಕ್ಕ, ನಿಮ್ಮ ಅಪ್ಪನ ವಿಷಯ ಓದಿ ತುಂಬಾ ಖುಷಿಯಾಯಿತು. ನಾನು ಒರ್ಲ್ಯಾಂಡೊದಲ್ಲೇ ಇದ್ದೇನೆ. ಊರು ಮೂಡಿಗೆರೆ. ವರ್ಷದ ಪಾಸ್ ಇರುವುದರಿಂದ ಎಪ್‌ಕಾಟ್‌ಗೆ ಆಗಾಗ ಹೋಗುತ್ತೇನೆ.

ನಿಮ್ಮ ಅಪ್ಪ ಹೇಳುತ್ತಿದ್ದುದು ಪೂರಾ ನಿಜ. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲೇ. ಇಟಲಿಯವರು ಎಸ್ಪ್ರೆಸೊ ಅನ್ನುವ ತಮ್ಮ ಗಟ್ಟಿ ಕಾಫಿಯ ಪುಡಿಗೆ ಅರೇಬಿಕಾ ಜೊತೆ ರೊಬಸ್ಟಾ ಬೆರೆಸುವುದು ಬಹಳ ಹಳೆಯ ರೂಢಿ. ಮೇಲೆ ಕಂದು ಬಣ್ಣದ ನೊರೆ ಕೂರುತ್ತಲ್ಲ, ಅದಕ್ಕೆ ಕ್ರೆಮಾ ಅನ್ನುತ್ತಾರೆ. ಅದು ದಪ್ಪಗೆ, ಬೇಗ ಒಡೆಯದೆ ನಿಲ್ಲಬೇಕಾದರೆ ರೊಬಸ್ಟಾ ಬೇಕು. ನಾವು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ನೊರೆ ಬರಿಸುತ್ತೇವೆ. ಅವರು ಒತ್ತಡದಿಂದ ಬರಿಸುತ್ತಾರೆ. 7 ಗ್ರಾಂ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡ್. ಕಪ್‌ಗೆ ಬೀಳುವುದು ಎರಡು ಗುಟುಕು ಅಷ್ಟೇ. ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ "ಇಷ್ಟೇನಾ?" ಅನ್ನಿಸುತ್ತದೆ. ಅದು ಜಿಪುಣತನ ಅಲ್ಲ, ಅದರ ಅಳತೆಯೇ ಅಷ್ಟು.

ಇನ್ನೊಂದು ವಿಷಯ. ಕೆಲವು ಇಟಾಲಿಯನ್ ಪುಡಿಗಳು ಪೂರ್ತಿ ಅರೇಬಿಕಾ. ಅದರಲ್ಲಿ ರೊಬಸ್ಟಾ ಚೆರಿಯ ರುಚಿ ಇರುವುದಿಲ್ಲ. ಆರ್ಡರ್ ಮಾಡುವ ಮುಂಚೆ ಯಾವ ಪುಡಿ, ರೊಬಸ್ಟಾ ಇದೆಯಾ ಅಂತ ಕೇಳಿ. ಆ ಉತ್ತರ ನಿಮ್ಮ ಅಪ್ಪನಿಗೆ ಬೇಕಾದ ಉತ್ತರ, ಅಲ್ವಾ?

ಈಗ ದಾರಿ. ದೇಶಗಳ ಕಡೆ ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ತೆರೆಯುತ್ತದೆ. ಪೂರ್ತಿ ಸುತ್ತಿದರೆ ಸುಮಾರು 2 ಕಿಲೋಮೀಟರ್. ಮೊಣಕಾಲು ನೋವಿದ್ದರೆ ನಡೆಸಬೇಡಿ. ಕೆರೆ ದಾಟಿಸುವ ದೋಣಿ ಇದೆ, ಜರ್ಮನಿ ಪಕ್ಕ ಇಳಿಸುತ್ತದೆ. ಜರ್ಮನಿ ಆದಮೇಲೆ ಇಟಲಿಯೇ. ಎತ್ತರದ ಗಂಟೆ ಗೋಪುರ ಕಾಣಿಸುತ್ತದೆ. ವೆನಿಸ್‌ನ ಸೇಂಟ್ ಮಾರ್ಕ್ ಗೋಪುರದ ಚಿಕ್ಕ ಮಾದರಿ ಅದು. ಪಕ್ಕದಲ್ಲಿ ಡೋಜ್, ಅಂದರೆ ಅಲ್ಲಿನ ಹಿಂದಿನ ಆಡಳಿತಗಾರರ, ಅರಮನೆಯ ಮಾದರಿ. ವೆನಿಸ್‌ನಲ್ಲಿ ಇರುವುದಕ್ಕೂ ಇಲ್ಲಿಗೂ ಎಡಬಲ ಅದಲುಬದಲು.

ದೋಣಿ ಹತ್ತುವ ಮುಂಚೆ ಪಾರ್ಕಿನ ಮುಂಭಾಗದಲ್ಲೇ ಕ್ಲಬ್ ಕೂಲ್ ಅಂತ ಇದೆ. ಬೇರೆ ಬೇರೆ ದೇಶದ ಕೋಕಾ-ಕೋಲಾ ಕಂಪನಿಯ ಪಾನೀಯಗಳು ಅಲ್ಲಿ ಬಿಟ್ಟಿ. ಚಿಕ್ಕ ಕಪ್‌ನಲ್ಲಿ ನಾವೇ ಹಿಡಿದುಕೊಳ್ಳಬೇಕು. ಅಲ್ಲಿರುವ ಇಟಲಿ ಪಾನೀಯದ ಹೆಸರು ಬೆವರ್ಲಿ. ನೋಡುವುದಕ್ಕೆ ನೀರಿನ ಹಾಗೆ. ಬಾಯಿಗೆ ಹಾಕಿದರೆ ಗಟ್ಟಿ ಕಹಿ. ಜನ ಇದನ್ನು ಹೇಳದೆ ಕೇಳದೆ ಪಕ್ಕದವರಿಗೆ ಕುಡಿಸಿ, ಅವರ ಮುಖ ನೋಡಿ ನಗುತ್ತಾರೆ. ದಯವಿಟ್ಟು ಅಪ್ಪ ಅಮ್ಮನಿಗೆ ಹಾಗೆ ಮಾಡಬೇಡಿ. ಇಟಲಿಯಲ್ಲಿ ಊಟಕ್ಕೆ ಮುಂಚೆ ಹಸಿವು ಹುಟ್ಟಲಿ ಅಂತ ಕಹಿ ಕುಡಿಯುವ ಪದ್ಧತಿ ಇದೆ. ಅಪೆರಿಟಿವೊ ಅನ್ನುತ್ತಾರೆ. ಬೆವರ್ಲಿ ಆ ಜಾತಿಯದು, ಮದ್ಯ ಇಲ್ಲದ್ದು. ಮೊದಲೇ ಹೇಳಿ ಕೊಟ್ಟರೆ ಅದರ ರುಚಿ ತಿಳಿಯುತ್ತದೆ. ಹೇರಳೆಕಾಯಿ ಸಿಪ್ಪೆ ಕಚ್ಚಿದ ಹಾಗೆ ಇರುತ್ತದೆ. ನಮ್ಮ ಮಲೆನಾಡಿನ ಬಾಯಿಗೆ ಅದು ಹೊಸದೇನೂ ಅಲ್ಲ.

ಇಟಲಿಯ ಒಳಗೆ ಊಟಕ್ಕೆ ವಿಯಾ ನಾಪೊಲಿ ಚೆನ್ನಾಗಿದೆ. ಮೂರು ದೊಡ್ಡ ಸೌದೆ ಒಲೆ ಇವೆ. ಒಂದೊಂದಕ್ಕೂ ಒಂದು ಮುಖ, ಬಾಯೊಳಗೆ ಬೆಂಕಿ. ಹೆಸರು ಎಟ್ನಾ, ವೆಸೂವಿಯೊ, ಸ್ಟ್ರಾಂಬೊಲಿ. ಮೂರೂ ಇಟಲಿಯ ಜ್ವಾಲಾಮುಖಿಗಳು. ಟೇಬಲ್ ಬುಕಿಂಗ್ 60 ದಿನ ಮುಂಚೆಯೇ ತೆರೆಯುತ್ತದೆ. ನಿಮಗೆ ಈಗ ತಡವಾಗಿದೆ. ಆದರೂ ಹಿಂದಿನ ದಿನ ರಾತ್ರಿ ಆ್ಯಪ್ ನೋಡುತ್ತಾ ಇರಿ. ಬೇರೆಯವರು ರದ್ದು ಮಾಡಿದ್ದು ಸಿಗುತ್ತದೆ. ನನಗೆ ಎರಡು ಸಲ ಹಾಗೇ ಸಿಕ್ಕಿದೆ.

ಸಸ್ಯಾಹಾರದ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿ ಇದ್ದಾರೆ. ಒಲೆ_ಮುಂದೆ ಅವರೇ, ಸ್ವಲ್ಪ ಬನ್ನಿ.

ಒಲೆ_ಮುಂದೆ

ಬಂದೆ. ಇದು ನನಗೆ ತುಂಬಾ ಹತ್ತಿರದ ವಿಷಯ. ಏಳು ವರ್ಷದ ಹಿಂದೆ ನಮ್ಮ ಅತ್ತೆಗೆ ಬೇರೆ ಊರಿನ ಒಂದು ಹೋಟೆಲಿನಲ್ಲಿ ಪನ್ನಾ ಕೋಟಾ ಕೊಡಿಸಿದ್ದೆ. "ಬರೀ ಹಾಲು, ಕೆನೆ, ಸಕ್ಕರೆ" ಅಂತ ಬಡಿಸುವವರು ಹೇಳಿದ್ದರು. ಅದನ್ನು ಗಟ್ಟಿ ಮಾಡುವುದು ಜೆಲಾಟಿನ್‌ನಿಂದ, ಅದು ಪ್ರಾಣಿಯ ಮೂಳೆ ಚರ್ಮದಿಂದ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅತ್ತೆ ಏನೂ ಅನ್ನಲಿಲ್ಲ. ನಾಲ್ಕು ದಿನ ಮಾತು ಕಮ್ಮಿ ಮಾಡಿದರು. ಅವತ್ತಿನಿಂದ ನಾನು ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತೇನೆ.

ಅಮ್ಮನಿಗೆ ಮೊದಲು ಚೀಸ್ ವಿಷಯ ಹೇಳಿ. ಹಾಲು ಒಡೆಸಿ ಗಟ್ಟಿ ಮಾಡುವುದಕ್ಕೆ ರೆನೆಟ್ ಹಾಕುತ್ತಾರೆ. ಪಾರ್ಮಿಜಾನೊ ರೆಜ್ಜಾನೊ ಅನ್ನುವ ಹೆಸರು ಹಾಕಬೇಕಾದರೆ ಕರುವಿನ ಹೊಟ್ಟೆಯ ರೆನೆಟ್ಟೇ ಬೇಕು ಅಂತ ಇಟಲಿಯ ನಿಯಮ ಇದೆ. ಆದ್ದರಿಂದ ಮೇಲೆ ತುರಿದು ಹಾಕುವ ಚೀಸ್ ಬೇಡ ಅಂತ ಮೊದಲೇ ಹೇಳಿಬಿಡಿ. ಮೊಝರೆಲ್ಲಾ ಎರಡು ಥರವೂ ಇರುತ್ತದೆ, ಅಮೆರಿಕದಲ್ಲಿ ಪ್ರಾಣಿಯದಲ್ಲದ ರೆನೆಟ್ ಹಾಕಿ ಮಾಡುವುದು ಸಾಕಷ್ಟು ಇದೆ. ಅದನ್ನು ಕೇಳಲೇಬೇಕು.

ಚಿಂತೆಯೇ ಬೇಡ ಅನ್ನುವುದಾದರೆ ಪಿಜ್ಜಾ ಮರಿನಾರಾ ಕೇಳಿ. ಚೀಸೇ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ನೇಪಲ್ಸ್‌ನ ಹಳೇ ಪಿಜ್ಜಾ ಇದೇ. ಹಿಟ್ಟಿಗೂ ಅಲ್ಲಿನ ಪದ್ಧತಿಯಲ್ಲಿ ಮೈದಾ, ನೀರು, ಉಪ್ಪು, ಯೀಸ್ಟ್ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಮೆನುವಿನಲ್ಲಿ ಆ ಹೆಸರು ಇಲ್ಲದಿದ್ದರೂ "ಚೀಸ್ ಬೇಡ, ಟೊಮೆಟೊ ಬೆಳ್ಳುಳ್ಳಿ ಸಾಕು" ಅಂದರೆ ಮಾಡಿಕೊಡುತ್ತಾರೆ. ಸೌದೆ ಒಲೆಯಲ್ಲಿ ಅಂಚು ಅಲ್ಲಲ್ಲಿ ಕಪ್ಪಾಗಿ ಬೆಂದಿರುತ್ತದೆ. ಕೆಂಡದ ಮೇಲೆ ಸುಟ್ಟ ರೊಟ್ಟಿಯ ಪರಿಮಳ. ಅಮ್ಮನಿಗೆ ಖಂಡಿತ ಹಿಡಿಸುತ್ತದೆ.

ಪಾಸ್ತಾದಲ್ಲಿ ಒಣಗಿದ್ದು ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಮಾತ್ರ. ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುವುದೇ ಜಾಸ್ತಿ. ತಿರಮಿಸು ಅನ್ನುವ ಸಿಹಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಬಿಟ್ಟುಬಿಡಿ. ಅರಂಚಿನಿ ಅಂತ ಅನ್ನದ ಉಂಡೆ ಕರಿದಿರುತ್ತಾರೆ, ನಮ್ಮ ಬೋಂಡಾ ಥರ ಕಾಣುತ್ತದೆ. ಒಳಗೆ ಮಾಂಸದ ಸಾರು ಇರುವುದು ಮಾಮೂಲು. ಕನ್ನೋಲಿ ನೋಡಿದರೆ ಉದ್ದನೆ ಕರ್ಜಿಕಾಯಿ ಅನ್ನಿಸುತ್ತದೆ. ಸಿಸಿಲಿಯ ಹಳೇ ಕ್ರಮದಲ್ಲಿ ಅದರ ಹಿಟ್ಟಿಗೆ ಹಂದಿ ಕೊಬ್ಬು, ವೈನ್ ಎರಡೂ ಬೀಳುತ್ತದೆ. ಈಗ ಎಷ್ಟೋ ಕಡೆ ಬೆಣ್ಣೆ ಹಾಕುತ್ತಾರೆ, ಆದರೂ ಅಮ್ಮನ ಮನಸ್ಸಿಗಿಂತ ಕನ್ನೋಲಿ ದೊಡ್ಡದಲ್ಲ.

ಸಿಹಿಗೆ ಜೆಲಾಟೊ ಇದೆಯಲ್ಲ. ಗೆಲಾಟೆರಿಯಾ ತೊಸ್ಕಾನಾ ಅಂತ ಅಲ್ಲೇ ಅಂಗಡಿ ಇದೆ. ಐಸ್‌ಕ್ರೀಮಿಗಿಂತ ಗಾಳಿ ಕಮ್ಮಿ, ಕೊಬ್ಬೂ ಕಮ್ಮಿ. ಅದಕ್ಕೇ ರುಚಿ ನಾಲಿಗೆಗೆ ನೇರವಾಗಿ ಹತ್ತುತ್ತದೆ. ಕೆಲವಕ್ಕೆ ಮೊಟ್ಟೆಯ ಹಳದಿ ಹಾಕುತ್ತಾರೆ. ಫಿಯೋರ್ ದಿ ಲಾತ್ತೆ ಅನ್ನುವುದು ಹಾಲು, ಕೆನೆ, ಸಕ್ಕರೆಯದು. ನಿಂಬೆಹಣ್ಣಿನ ಸೊರ್ಬೆತ್ತೊದಲ್ಲಿ ಹಾಲೂ ಇರುವುದಿಲ್ಲ. "ಮೊಟ್ಟೆ ಅಲರ್ಜಿ" ಅಂತ ಸುಳ್ಳು ಹೇಳಬೇಡಿ. ನಂಬಿಕೆಯ ಕಾರಣಕ್ಕೆ ತಿನ್ನುವುದಿಲ್ಲ ಅಂತ ಇದ್ದದ್ದನ್ನೇ ಹೇಳಿ. ಬುಕಿಂಗ್ ಮಾಡುವಾಗಲೂ ಬರೆಯಿರಿ. ಡಿಸ್ನಿಯಲ್ಲಿ ಪದಾರ್ಥಗಳ ಬಗ್ಗೆ ಕೇಳಿದರೆ ಒಳಗಿನಿಂದ ಅಡುಗೆಯವರನ್ನೇ ಕರೆಸಿದ್ದನ್ನು ನಾನು ಕಂಡಿದ್ದೇನೆ.

ಬಯಲುಸೀಮೆ_ಗಾಳಿ

ಯಜಮಾನರ ಸ್ಪ್ರಿಟ್ಜ್ ಬಗ್ಗೆ ಎರಡು ಮಾತು. ಅಪೆರೋಲ್ ಸ್ಪ್ರಿಟ್ಜ್ ಅಂದರೆ ಪ್ರೊಸೆಕ್ಕೊ ಅನ್ನುವ ನೊರೆ ಬರುವ ವೈನ್ ಮೂರು ಪಾಲು, ಅಪೆರೋಲ್ ಅನ್ನುವ ಕಹಿ ಮದ್ಯ ಎರಡು, ಸೋಡಾ ಒಂದು. ಅಪೆರೋಲ್ 1919ರಲ್ಲಿ ಪಾದುವಾದಲ್ಲಿ ಶುರುವಾದದ್ದು. ಕಿತ್ತಳೆ ಬಣ್ಣ, ಸಣ್ಣ ಕಹಿ. ವಯಸ್ಸು 21 ದಾಟಿರಬೇಕು, ಗುರುತಿನ ಚೀಟಿ ತೋರಿಸಬೇಕು. ಬಿಸಿಲಲ್ಲಿ ತಂಪಾಗಿ ಇಳಿದುಬಿಡುತ್ತದೆ, ಆಮೇಲೆ ತಲೆಗೆ ಹತ್ತುತ್ತದೆ. ಟ್ಯಾಂಪಾಗೆ ಗಾಡಿ ಓಡಿಸುವವರು ಮುಟ್ಟಲೇಬಾರದು. ಅವರಿಗೆ ಅರಂಚಾತಾ ಕೊಡಿಸಿ, ಇಟಲಿಯ ಕಿತ್ತಳೆ ಸೋಡಾ. ಅದೂ ಚೆನ್ನಾಗಿರುತ್ತದೆ.

ಹೇಮಾವತಿ_ದಂಡೆ

ಹೋಗಿ ಬಂದೆವು. ನಿಮಗೆಲ್ಲ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಹಿಂದಿನ ದಿನ ರಾತ್ರಿ ಹತ್ತು ಗಂಟೆಗೆ ವಿಯಾ ನಾಪೊಲಿಯಲ್ಲಿ ಟೇಬಲ್ ಸಿಕ್ಕಿತು, ಮಧ್ಯಾಹ್ನ 12.40ಕ್ಕೆ. ಮೊದಲು ಕ್ಲಬ್ ಕೂಲ್‌ಗೆ ಹೋದೆವು. ಬೆವರ್ಲಿ ಕಹಿ ಇರುತ್ತೆ, ಹಸಿವಿಗೆ ಅಂತ ಹೇಳಿಯೇ ಕೊಟ್ಟೆ. ಯಜಮಾನರು ಅರ್ಧಕ್ಕೇ ಕೆಳಗಿಟ್ಟರು. ಅಮ್ಮ ಪೂರ್ತಿ ಕುಡಿದು ಇನ್ನೊಂದು ಕಪ್ ತಾವೇ ಹಿಡಿದುಕೊಂಡರು. "ಹೇರಳೆಕಾಯಿನೇ ಕಣೇ. ಜ್ವರ ಬಿಟ್ಟ ಮೇಲೆ ಬಾಯಿಗೆ ರುಚಿ ಇಲ್ಲದಾಗ ಇದು ಬೇಕು" ಅಂದರು. ಪಕ್ಕದಲ್ಲಿ ಒಂದು ಹುಡುಗರ ಗುಂಪು ನಗುವುದಕ್ಕೆ ಕಾದಿತ್ತು. ಅಮ್ಮ ಮೂರನೇ ಕಪ್‌ಗೆ ಕೈ ಹಾಕಿದ್ದು ನೋಡಿ ಸುಮ್ಮನಾದರು.

ಮರಿನಾರಾ ಹೆಸರು ಹೇಳಿದ ತಕ್ಷಣ ಬಡಿಸುವ ಹುಡುಗನಿಗೆ ಗೊತ್ತಾಯಿತು. ಅಮ್ಮ ಅರ್ಧ ಪಿಜ್ಜಾ ತಿಂದರು. ಅಷ್ಟು ನೆಮ್ಮದಿಯಿಂದ ಅವರು ಹೊರಗೆ ಊಟ ಮಾಡಿದ್ದನ್ನು ಈ ದೇಶದಲ್ಲಿ ಮೊದಲ ಸಲ ನೋಡಿದೆ.

ಊಟ ಆದಮೇಲೆ ಎಸ್ಪ್ರೆಸೊ. ರೊಬಸ್ಟಾ ಇದೆಯಾ ಅಂತ ಕೇಳಿದೆ. ಆ ಹುಡುಗನ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಅವನ ಊರು ಇಟಲಿಯ ಬಾರಿ ಅಂತ ಇತ್ತು. ಯಾಕೆ ಅಂತ ಕೇಳಿದ. ಅಪ್ಪನ ಕೆಲಸದ ಬಗ್ಗೆ ಹೇಳಿದೆ. ಅವನು ಒಳಗೆ ಹೋಗಿ ವಿಚಾರಿಸಿ ಬಂದು "ಇದೆ, ಸ್ವಲ್ಪ ಇದೆ" ಅಂದ. ಯಾವ ದೇಶದ್ದು ಅಂತ ಅವನಿಗೆ ಗೊತ್ತಿರಲಿಲ್ಲ.

ಅಪ್ಪ ಸಕ್ಕರೆ ಹಾಕಲಿಲ್ಲ. ಮೊದಲು ಕಪ್ ಬಗ್ಗಿಸಿ ನೊರೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೋಡಿದರು. ಆಮೇಲೆ ಒಂದು ಗುಟುಕು. ಬಾಯಲ್ಲಿ ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತರು. "ಚೆರಿ ಇದೆ. ಕೊನೆಗೆ ಬರುತ್ತೆ ನೋಡು" ಅಂತ ಕಪ್ ನನ್ನ ಕಡೆ ತಳ್ಳಿದರು. ನನಗೆ ಅಷ್ಟು ಬೇರೆ ಮಾಡಿ ಹೇಳುವುದಕ್ಕೆ ಬರಲಿಲ್ಲ. ಅವರಿಗೆ ಬಂತು.

ಎರಡನೇ ಕಪ್ ತರಿಸಿ, ಮೊದಲೇ ತಂದಿದ್ದ ಫಿಯೋರ್ ದಿ ಲಾತ್ತೆ ಮೇಲೆ ಹೊಯ್ದುಕೊಂಡೆವು. ಆ ಹುಡುಗನೇ ಹೇಳಿಕೊಟ್ಟ, ಅಫೊಗಾತೊ ಅನ್ನುತ್ತಾರಂತೆ. ಅಪ್ಪನಿಗೆ ಅದು ಬೇಡವಾಯಿತು. "ಕಾಫಿ ಕಾಫಿಯಾಗೇ ಇರಲಿ" ಅಂದರು.

ರಾತ್ರಿ ಮನೆಗೆ ಬಂದು, ಊರಲ್ಲಿ ಬೆಳಗ್ಗೆ ಏಳೂವರೆ ಆಗುವುದನ್ನೇ ಕಾದು, ತೋಟದ ಹಳೇ ಮೇಸ್ತ್ರಿಗೆ ಫೋನ್ ಮಾಡಿದರು. ಅಲ್ಲಿ ಈಗ ಅರೇಬಿಕಾ ಕುಯ್ಲು. ಆಳುಗಳನ್ನು ಅವರ ಲೈನ್ ಮನೆಗಳಿಂದ ಕರೆದುಕೊಂಡು ಹೊರಡುವ ಹೊತ್ತು. ಆದರೂ ಮೇಸ್ತ್ರಿ ಫೋನ್ ಇಡಲಿಲ್ಲ. ಕಪ್ ಎಷ್ಟು ಚಿಕ್ಕದು, ನೊರೆ ಎಷ್ಟು ದಪ್ಪ, ಎಲ್ಲ ಕೇಳಿದರಂತೆ.

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಅಮ್ಮನದು ಒಂದು ಪ್ರಶ್ನೆ. ಬೆವರ್ಲಿ ಬಾಟಲಿ ಅಂಗಡಿಯಲ್ಲಿ ಸಿಗುತ್ತಾ? ಊರಿಗೆ ಒಂದೆರಡು ತೆಗೆದುಕೊಂಡು ಹೋಗಬೇಕಂತೆ.

ಮೂರನೇ_ಲೋಟ

ಅಕ್ಕ, ಎರಡು ಸಲ ಓದಿದೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಬೆವರ್ಲಿ ಬಾಟಲಿ ಸಿಗುವುದಿಲ್ಲ. 1969ರಲ್ಲಿ ಶುರುವಾದ ಪಾನೀಯ ಅದು. ಇಟಲಿಯಲ್ಲೇ 2009ರಲ್ಲಿ ನಿಲ್ಲಿಸಿಬಿಟ್ಟರು. ಈಗ ಎಪ್‌ಕಾಟ್ ಮತ್ತು ಅಟ್ಲಾಂಟಾದ ಕೋಕಾ-ಕೋಲಾ ಮ್ಯೂಸಿಯಂ ಥರದ ಕಡೆ ರುಚಿ ನೋಡುವುದಕ್ಕೆ ಇಟ್ಟಿರುತ್ತಾರೆ. ಅಮ್ಮನಿಗೆ ಕಿನೊತ್ತೊ ಕೊಡಿಸಿ ನೋಡಿ. ಅದೇ ಹೆಸರಿನ ಕಹಿ ಕಿತ್ತಳೆಯ ಸೋಡಾ. ಬಣ್ಣ ಕಪ್ಪು, ಸ್ವಲ್ಪ ಸಿಹಿ ಜಾಸ್ತಿ, ಆದರೆ ಹಿಂದೆ ಅದೇ ಸಿಪ್ಪೆಯ ಕಹಿ ಇದೆ. ಟ್ಯಾಂಪಾದ ಈಬೋರ್ ಸಿಟಿ ಕಡೆ ಹಳೇ ಇಟಾಲಿಯನ್ ಮನೆತನಗಳು ಇವೆ, ಆ ಕಡೆಯ ದಿನಸಿ ಅಂಗಡಿಗಳಲ್ಲಿ ವಿಚಾರಿಸಿ. ಸಿಕ್ಕರೆ ಇಲ್ಲಿ ಬರೆಯಿರಿ, ನನಗೂ ಬೇಕು.